ಮುಖ ಸಾಕು, ಅಂಚು ತೋರಿಸಿ

ಆನ್‌ಲೈನ್ ಹರಾಜಿನಲ್ಲಿ ಹಳೆ ನಾಣ್ಯ ಕಣ್ಣಿಗೆ ಬಿದ್ದರೆ ಮಾರುವವರನ್ನು ಮೊದಲು ಕೇಳಬೇಕಾದ್ದು ಎರಡೇ: ಅಂಚಿನ ಫೋಟೋ ಮತ್ತು ತೂಕ. ರಾಜನ ಮುಖ, ಬಳ್ಳಿ, ಅಕ್ಷರಗಳನ್ನೆಲ್ಲ ಇವತ್ತು ಯಾರು ಬೇಕಾದರೂ ನಕಲು ಮಾಡುತ್ತಾರೆ. ಸಿಕ್ಕಿಬೀಳುವುದು ಅಂಚಿನ ಗೀರುಗಳಲ್ಲಿ ಮತ್ತು ತಕ್ಕಡಿಯಲ್ಲಿ. ಎರಡು ಸಲ ಕೇಳಿದರೂ ಮತ್ತೆ ಮುಖದ ಫೋಟೋವನ್ನೇ ಕಳಿಸಿದರೆ ಅಲ್ಲಿಗೆ ಬಿಡಿ.

ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿಯಿಂದಲೇ ಶುರು ಮಾಡೋಣ. ಹರಾಜಿನಲ್ಲಿ ಹೆಚ್ಚು ಓಡಾಡುವುದೂ ಅದೇ. 1835ರಿಂದ 1939ರವರೆಗಿನ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ, ಬೆಳ್ಳಿ ಶೇ. 91.7, ಅಡ್ಡಳತೆ ಮೂವತ್ತು ಮಿಲಿಮೀಟರಿಗೆ ಸ್ವಲ್ಪ ಮೇಲೆ. ಸವೆದ ನಾಣ್ಯ 11.4 ತೂಗಬಹುದು. ಆದರೆ 11.9 ತೂಗಿದರೆ ಗುಮಾನಿ ಪಡಿ. ಸವೆತ ತೂಕವನ್ನು ಕಳೆಯುತ್ತದೆಯೇ ಹೊರತು ಕೂಡಿಸುವುದಿಲ್ಲ.

1940ರಿಂದ 1945ರ ರೂಪಾಯಿಗೂ ಅಷ್ಟೇ ತೂಕ, ಆದರೆ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು ತಾಮ್ರ ಶೇ. 40, ನಿಕ್ಕಲ್ ಮತ್ತು ಸತು ತಲಾ ಶೇ. 5. ಬೆಳ್ಳಿ ಇಳಿಸಿದಾಗ ಖೋಟಾ ತಡೆಯಲೆಂದು ಅಂಚನ್ನೂ ಬದಲಿಸಿದರು: ಬರೀ ನೆಟ್ಟಗಿನ ಗೀರುಗಳಿದ್ದ ಜಾಗದಲ್ಲಿ ನಡುವೆ ಸುತ್ತಲೂ ಒತ್ತಿದ ಪಟ್ಟಿಯಂಥ ಕೆತ್ತನೆ ಬಂತು. ಹಾಗಾಗಿ '1939' ಎಂದು ಮಾರುವ ನಾಣ್ಯದ ಅಂಚಿನಲ್ಲಿ ಈ ಪಟ್ಟಿ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ.

1939ರ ರೂಪಾಯಿ ವಿರಳ, 1938ರದ್ದು ಬೇಕಾದಷ್ಟಿದೆ. ಆದ್ದರಿಂದ 8ರ ಕೆಳಹೊಟ್ಟೆಯನ್ನು ಕೆರೆದು 9 ಮಾಡುವ ಕೈಚಳಕವೂ ಇದೆ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಸಾಕು. ಇಸವಿಯೊಳಗೇ ಇನ್ನೊಂದು 9 ಇದೆಯಲ್ಲ, ಎರಡನ್ನೂ ಹೋಲಿಸಿ. ಎರಡರ ಹೊಟ್ಟೆ, ಬಾಲದ ಬಾಗು, ಎತ್ತರ ಒಂದೇ ಜಾತಿಯವಾಗಿರಬೇಕು. ಕೊನೆಯ ಅಂಕಿಯ ಸುತ್ತಲಿನ ನೆಲ ಮಾತ್ರ ಉಳಿದ ಕಡೆಗಿಂತ ನುಣ್ಣಗಿದ್ದರೆ, ಅಥವಾ ಒಂದೇ ದಿಕ್ಕಿನ ಸಣ್ಣ ಗೀಚುಗಳಿದ್ದರೆ, ಅಲ್ಲಿ ಉಪಕರಣ ಆಡಿದೆ. ಮಾರುವವರು ಕಳಿಸುವ ಫೋಟೋದಲ್ಲಿ ಆ ಜಾಗವೇ ಮಸುಕಾಗಿರುತ್ತದೆ, ಇದು ಕಾಕತಾಳೀಯವೇನಲ್ಲ.

1911ರ 'ಹಂದಿ ರೂಪಾಯಿ'ಯದು ಬೇರೆ ಕಥೆ. ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಂಡು ಜನ ಸಿಟ್ಟಾದರು. ಸರ್ಕಾರ ನಾಣ್ಯವನ್ನು ಹಿಂದೆ ತೆಗೆದುಕೊಂಡು, 1912ರಿಂದ ಸೊಂಡಿಲು ಸ್ಪಷ್ಟವಾಗಿರುವ ಆನೆಯನ್ನು ಹಾಕಿತು. ಇಸವಿ ತಿದ್ದುವವನು ಮುಂದಿನ ವರ್ಷಗಳ ನಾಣ್ಯದ ಅಂಕಿ ಕೆರೆದು 1911 ಮಾಡುತ್ತಾನೆ, ಆನೆಯನ್ನು ಮರೆಯುತ್ತಾನೆ. ಇಸವಿ 1911, ಅಂಗಿಯ ಮೇಲೆ ಲಕ್ಷಣವಾದ ಸೊಂಡಿಲಿನ ಆನೆ: ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ.

ಅಯಸ್ಕಾಂತದ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ, ಅರ್ಧವೇ ಹೇಳುತ್ತಾರೆ. ಬೆಳ್ಳಿ ನಾಣ್ಯ ಅಂಟಿಕೊಂಡರೆ ಒಳಗೆ ಕಬ್ಬಿಣದಂಥ ಲೋಹ ಇದೆ, ನಿಜ. ಆದರೆ ಅಂಟಲಿಲ್ಲ ಎಂದ ಮಾತ್ರಕ್ಕೆ ಅದು ಬೆಳ್ಳಿ ಎಂದಾಗುವುದಿಲ್ಲ. ಹಿತ್ತಾಳೆ, ಹೆಸರಿಗಷ್ಟೇ ಬೆಳ್ಳಿಯಾದ ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ. ಇನ್ನು ಹುಲಿ ಚಿತ್ರದ 1947ರ ರೂಪಾಯಿ ಅಂಟಲೇಬೇಕು, ಅದು ನಿಕ್ಕಲ್. ಅದನ್ನು 'ಬೆಳ್ಳಿ' ಎಂದು ಬರೆದು ಮಾರುವವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಅವರಿಗೇ ಗೊತ್ತಿಲ್ಲ. ಎರಡೂ ಕೊಳ್ಳುವವರಿಗೆ ಒಳ್ಳೆಯದಲ್ಲ.

ನಂಬಬಹುದಾದ ಪರೀಕ್ಷೆ ನೀರಿನದು. 0.01 ಗ್ರಾಂ ತೋರಿಸುವ ಜೇಬು ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣಗಿದ್ದಾಗಲೇ ತೂಗಿ ಬರೆದಿಡಿ. ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ಕುಡಿಯುವ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕಡಲಂಚಿನ ಬಾವಿಯ ಉಪ್ಪುನೀರು ಬೇಡ, ಲೆಕ್ಕ ತಪ್ಪುತ್ತದೆ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನೊಳಗೆ ತೂಗುಬಿಡಿ. ಮೈಗೆ ಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶೇ. 91.7ರ ರೂಪಾಯಿಗೆ ನೀರಿನ ಅಂಕಿ 1.13ರ ಆಸುಪಾಸು ಬಂದು ಸಾಂದ್ರತೆ 10.3 ಆಗಬೇಕು. ಅರ್ಧ ಬೆಳ್ಳಿಯದಕ್ಕೆ 1.22, ಅಂದರೆ 9.5. ಹಿತ್ತಾಳೆಗೆ ಬೆಳ್ಳಿ ನೀರು ಕೊಟ್ಟದ್ದಾದರೆ 1.37ರ ಹತ್ತಿರ. ಅಂಥ ಹಿತ್ತಾಳೆ ನಾಣ್ಯಕ್ಕೆ ತೊಲ ತೂಕ ಬರಿಸಬೇಕೆಂದರೆ ಅಸಲಿಗಿಂತ ಐದನೇ ಒಂದು ಪಾಲು ದಪ್ಪ ಮಾಡಲೇಬೇಕು. ಅಂಚಿನ ಫೋಟೋ ಕೊಡಲು ಹಿಂಜರಿಯುವುದು ಅದಕ್ಕೇ.

ಚಿನ್ನದ 'ಹಣ' ಎಂಬ ಪುಟ್ಟ ಹಳೆ ನಾಣ್ಯಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಅದು ಇರುವುದೇ ಗ್ರಾಮಿನ ಮೂರನೇ ಒಂದು ಪಾಲು. ಸರಿಸುವ ನೀರು 0.02 ಗ್ರಾಮಿನಷ್ಟು, ತಕ್ಕಡಿಯ ತಪ್ಪೇ ಅದರ ಅರ್ಧ. ಹಣವಾಗಲಿ, ಅದಕ್ಕಿಂತ ದೊಡ್ಡ ಚಿನ್ನದ ವರಹವಾಗಲಿ ಆದರೆ ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್‌ಆರ್‌ಎಫ್ ಯಂತ್ರಕ್ಕೆ (ಕ್ಷಕಿರಣ ಹಾಯಿಸಿ ಲೋಹ ಗುರುತಿಸುವಂಥದು) ಹಿಡಿಸುವುದು ಸರಿ, ನಾಣ್ಯಕ್ಕೆ ಗಾಯವಾಗುವುದಿಲ್ಲ. ಆದರೆ ಯಂತ್ರ ಹೇಳುವುದು ಲೋಹದ ಮೈಯನ್ನು ಮಾತ್ರ, ವಯಸ್ಸನ್ನಲ್ಲ. ಹೊಸ ಚಿನ್ನದಲ್ಲಿ ಒತ್ತಿದ ಖೋಟಾ ವರಹವೂ ಪಾಸಾಗುತ್ತದೆ. ನಮ್ಮ ಸೀಮೆಯ, ಕೆಳದಿ ಅರಸರ ಇಕ್ಕೇರಿ ವರಹ ಸುಮಾರು 3.4 ಗ್ರಾಂ, ಒಂದು ಬದಿ ಉಮಾಮಹೇಶ್ವರ, ಇನ್ನೊಂದು ಬದಿ ನಾಗರಿಯಲ್ಲಿ ಶ್ರೀ ಸದಾಶಿವ. ಅದೇ ಶಿವ ಪಾರ್ವತಿಯರ ಹಿಂಬದಿಗೆ ಒಂಟಿ ಪರ್ಷಿಯನ್ ಅಕ್ಷರ ಇದ್ದರೆ ಅದು ಹೈದರಾಲಿಯದು. ಖೋಟಾ ಅಲ್ಲ, 'ಕೆಳದಿ' ಎಂದು ಹೆಸರು ಬರೆದದ್ದು ತಪ್ಪು.

ಕಾರವಾರ ಸೀಮೆಯ ನಿಜವಾದ ಅಪರೂಪವೆಂದರೆ ಸೀಸದ ನಾಣ್ಯ: ಚುಟುಕುಲಾನಂದ, ಮುಳಾನಂದ ಎಂದು ಪ್ರಾಚೀನ ಅರಸರ ಹೆಸರು ಬ್ರಾಹ್ಮಿಯಲ್ಲಿರುವ, ಒಂದು ಬದಿ ಕಮಾನುಗಳ ಗುಡ್ಡ, ಇನ್ನೊಂದು ಬದಿ ಬೇಲಿಯೊಳಗಿನ ಮರ ಇರುವಂಥವು. ಖೋಟಾ ಮಾಡುವವರಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಸೀಸ 327 ಡಿಗ್ರಿಗೇ ಕರಗುತ್ತದೆ, ಮನೆಯ ಒಲೆ ಸಾಕು. ತೂಕ, ಸಾಂದ್ರತೆ ಎರಡೂ ಸರಿಯಾಗಿಯೇ ಬರುತ್ತವೆ, ಹಾಗಾಗಿ ಮೈ ಓದಬೇಕು. ಹಳೆ ಸೀಸದ ಮೇಲೆ ಬೂದು ಬಿಳುಪಿನ ಗಟ್ಟಿ ಹೊಪ್ಪಳೆ, ತಗ್ಗಿನಲ್ಲಿ ದಪ್ಪ, ಉಬ್ಬಿನಲ್ಲಿ ತೆಳು. ಖೋಟಾದಲ್ಲಿ ಎಲ್ಲ ಕಡೆ ಒಂದೇ ಸಮ ಕಪ್ಪು; ಅಸಿಟೋನಿನಲ್ಲಿ ಅದ್ದಿದ ಹತ್ತಿಗೆ ಆ ಕಪ್ಪು ಬಂದುಬಿಡುತ್ತದೆ. ಎರಕದ ಸಣ್ಣ ಗುಂಡಿಗಳು, ಅಂಚಿನ ಸುತ್ತ ಅಚ್ಚು ಕೂಡಿದ ಗೆರೆ, ಅದನ್ನು ಅರ ಹಾಕಿ ಅಳಿಸಿದ ಗುರುತು ಲೂಪಿನಲ್ಲಿ ಕಾಣುತ್ತವೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

'ತೋಟದಲ್ಲಿ ಕಾದಿಗೆ (ಕಾಲುವೆ) ತೆಗೆಯುವಾಗ ಸಿಕ್ಕಿದ್ದು' ಎಂಬ ವಿವರಣೆ ಜೊತೆಗಿದ್ದರೆ ಎರಡು ರೀತಿಯಲ್ಲೂ ಕೈಬಿಡಿ. ಸುಳ್ಳಾದರೆ ಖೋಟಾ. ನಿಜವಾದರೆ 1878ರ ನಿಧಿ ಕಾಯ್ದೆ ಇದೆ: ನೆಲದಲ್ಲಿ ಸಿಕ್ಕ ಹತ್ತು ರೂಪಾಯಿ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯಾಗಿ ದೇಶದಾಚೆ ಕಳಿಸುವಂತಿಲ್ಲ.

ರಾಮದರ್ಬಾರು, ಹನುಮಂತ ಇರುವ '1818 ಈಸ್ಟ್ ಇಂಡಿಯಾ ಕಂಪನಿ ಅರ್ಧ ಆಣೆ'ಗೆ ಹೆಚ್ಚು ಸಾಲು ಖರ್ಚು ಮಾಡುವುದು ಬೇಡ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಗಟ್ಟಲೆ ಸಿಗುತ್ತದೆಂಬ ಜಾಹೀರಾತೂ ಅದೇ ಜಾತಿ. ಅಲ್ಲಿ ನಿಮ್ಮಿಂದ ಕೊಳ್ಳುತ್ತೇವೆ ಎಂದು ನಂಬಿಸಿ 'ರಿಸರ್ವ್ ಬ್ಯಾಂಕ್ ಕಮಿಷನ್', 'ಜಿಎಸ್‌ಟಿ' ಎಂದು ಮುಂಗಡ ಕೀಳುತ್ತಾರೆ. ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ಮಾರುವವರನ್ನು ಅಳೆಯಲು ಅವರ ಹಳೆಯ ಪಟ್ಟಿ ನೋಡಿ. ಒಬ್ಬರ ಹತ್ತಿರವೇ ಐದು 1939, ಮೂರು 1911 ಇದ್ದರೆ ಅದು ಸಂಗ್ರಹವಲ್ಲ, ಕಾರ್ಖಾನೆ. ಆ ಐದರಲ್ಲೂ ಕೆನ್ನೆಯ ಮೇಲೆ ಅದೇ ಗೀರು, ಅದೇ ಜಾಗದಲ್ಲಿ ಇದ್ದರೆ ಎಲ್ಲವೂ ಒಂದೇ ಮಾದರಿಯಿಂದ ತೆಗೆದ ಅಚ್ಚಿನವು. 'ಅಜ್ಜನ ಪೆಟ್ಟಿಗೆಯಲ್ಲಿತ್ತು, ನನಗೆ ಇದರ ವಿಷಯ ಗೊತ್ತಿಲ್ಲ' ಎನ್ನುವವರು ಬೆಲೆ ಮಾತ್ರ ಪಕ್ಕಾ ಹೇಳುತ್ತಾರೆ. 'ರೆಪ್ಲಿಕಾ' ಎಂಬ ಪದ ವಿವರಣೆಯ ಕಟ್ಟಕಡೆಯ ಸಾಲಿನಲ್ಲಿ ಅಡಗಿರುತ್ತದೆ, ಕೊನೆವರೆಗೆ ಓದಿ. ಇವತ್ತಿನ ತಾರೀಖು, ನಿಮ್ಮ ಹೆಸರು ಬರೆದ ಚೀಟಿಯ ಪಕ್ಕ ನಾಣ್ಯ ಇಟ್ಟು ಫೋಟೋ ಕಳಿಸಲು ಹೇಳಿ. ಬೇರೆಯವರ ಫೋಟೋ ಕದ್ದವರು ಅಲ್ಲೇ ಮಾಯವಾಗುತ್ತಾರೆ.

ಬಿಡ್ ಏರಿಸುವವರ ಮೇಲೂ ಕಣ್ಣಿರಲಿ. ನಿನ್ನೆ ಹುಟ್ಟಿದ ಖಾತೆ, ಇದೇ ಮಾರಾಟಗಾರರ ಸಾಮಾನಿಗೆ ಮಾತ್ರ ಬಿಡ್, ಗೆದ್ದದ್ದು ಒಂದೂ ಇಲ್ಲ, ಮಾರಾಟವಾದ ನಾಣ್ಯ ಹದಿನೈದು ದಿನಕ್ಕೆ ಮತ್ತೆ ಹರಾಜಿಗೆ: ಇದು ಮಾರುವವರದೇ ಜನ. ನಿಮ್ಮ ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಟ್ಟು, ಕಮಿಷನ್ನು, ತೆರಿಗೆ, ಅಂಚೆ ಖರ್ಚು ಸೇರಿಸಿಯೇ ಲೆಕ್ಕ ಹಾಕಿ.

ಎನ್‌ಜಿಸಿ ಅಥವಾ ಪಿಸಿಜಿಎಸ್‌ನ (ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳು) ಗಟ್ಟಿ ಡಬ್ಬಿಯಲ್ಲಿದ್ದರೂ ಅದರ ಮೇಲಿನ ಸಂಖ್ಯೆಯನ್ನು ಅವರ ತಾಣದಲ್ಲಿ ಹಾಕಿ ನೋಡಬೇಕು. ಇಸವಿ, ದರ್ಜೆ ಹೊಂದಿದ್ದು ಸಾಲದು. ಖೋಟಾ ಡಬ್ಬಿಗೂ ಅಸಲಿ ಸಂಖ್ಯೆಯನ್ನೇ ಅಂಟಿಸುತ್ತಾರೆ. ತಾಣದಲ್ಲಿ ಫೋಟೋ ಇದ್ದರೆ ನಾಣ್ಯದ ಕಲೆ, ಗೀರುಗಳನ್ನು ಹೋಲಿಸಿ.

ಹಣವನ್ನು ಹರಾಜು ತಾಣದ ಒಳಗೇ ಕಟ್ಟಿ. 'ಹೊರಗೆ ಯುಪಿಐ ಮಾಡಿ, ಹತ್ತು ಪರ್ಸೆಂಟ್ ಕಡಿಮೆ' ಎಂದರೆ ಆ ಹತ್ತು ಪರ್ಸೆಂಟಿಗೆ ನಿಮ್ಮ ದೂರಿನ ಹಕ್ಕನ್ನು ಮಾರಿದಂತೆ. ಹಣ ಪಡೆಯಲು ಪಿನ್ ಒತ್ತುವುದಾಗಲಿ, ಕ್ಯೂಆರ್ ಸ್ಕ್ಯಾನ್ ಮಾಡುವುದಾಗಲಿ ಬೇಕಿಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಾರ್ಸೆಲ್ ಬಂದಾಗ ವಿಳಾಸದ ಚೀಟಿಯಿಂದ ಶುರುಮಾಡಿ ತಕ್ಕಡಿಯ ಅಂಕಿ ಕಾಣುವವರೆಗೆ ಒಂದೇ ಓಟದ ವಿಡಿಯೋ ತೆಗೆಯಿರಿ, ನಡುವೆ ನಿಲ್ಲಿಸಬೇಡಿ. ಅನುಮಾನ ಬಂದರೆ ಹುಣಸೆಹಣ್ಣು ಹಚ್ಚಿ ತೊಳೆಯುವುದು, ಶೇಟರ ಅಂಗಡಿಯ ಒರೆಗಲ್ಲಿಗೆ ಉಜ್ಜಿಸುವುದು ಬೇಡ. ಒಂದು ಹೊಸ ಗೀರು ಕಂಡರೂ ಮಾರಿದವರು 'ನೀವೇ ಹಾಳು ಮಾಡಿದ್ದು' ಎಂದು ವಾಪಸು ತೆಗೆದುಕೊಳ್ಳುವುದಿಲ್ಲ.