ನೂರು ಕಿಲೋಮೀಟರ್ ದಾಟಿದ ಮೇಲೆ

160 ಕಿಲೋಮೀಟರಿನ ಎಂಡ್ಯೂರೆನ್ಸ್ ಸವಾರಿ, ಅಂದರೆ ದೂರದ ಕುದುರೆ ಸವಾರಿಯ ಸ್ಪರ್ಧೆ, ಬೆಳಗಿನ ಜಾವದ ಕತ್ತಲಲ್ಲೇ ಶುರುವಾಗುತ್ತದೆ. ಮೊದಲ ಸುತ್ತಿನಲ್ಲಿ ಕುದುರೆಗೆ ಮುಂದಿನವರನ್ನು ಹಿಡಿಯುವ ಆತುರ, ಸವಾರನಿಗೆ ಅದನ್ನು ತಡೆದಿಡುವ ಪಾಡು. ತೋಳು ಸೋಲತೊಡಗುವುದು ಇಲ್ಲೇ. ಅದು ಗೊತ್ತಾಗುವುದು ಮಾತ್ರ ನೂರು ಕಿಲೋಮೀಟರ್ ದಾಟಿದ ಮೇಲೆ.

ಆ ಹೊತ್ತಿಗೆ ಸವಾರನನ್ನು ಕೇಳಿದರೆ ‘ಆರಾಮಾಗಿದ್ದೇನೆ’ ಎಂದೇ ಹೇಳುತ್ತಾನೆ. ಅವನ ಮಾತು ಬಿಟ್ಟು ರಿಕಾಬು (ಕಾಲೂರುವ ಬಳೆ) ನೋಡಬೇಕು. ಒಂದು ಮೊಣಕಾಲು ನೋಯುತ್ತಿದ್ದರೆ ಭಾರವೆಲ್ಲ ಇನ್ನೊಂದು ರಿಕಾಬಿಗೆ ಬೀಳುತ್ತದೆ, ಜೀನು ಅತ್ತ ವಾಲುತ್ತದೆ, ಕೆಳಗಿನ ಬಟ್ಟೆ ಮಡಿಚಿಕೊಂಡು ಬೆನ್ನು ಉಜ್ಜುತ್ತದೆ. ಟ್ರಾಟ್ ಎಂಬ ಮಧ್ಯಮ ವೇಗದ ಓಟದಲ್ಲಿ ಕುದುರೆ ಮುಂದಿನ ಒಂದು ಕಾಲನ್ನೂ ಹಿಂದಿನ ಎದುರು ಕಾಲನ್ನೂ ಜೊತೆಗೆ ಊರುತ್ತದೆ. ಸವಾರ ಎದ್ದೆದ್ದು ಕೂರುವಾಗ ಪ್ರತಿಸಲವೂ ಒಂದೇ ಜೋಡಿಯ ಮೇಲೆ ಕೂರುತ್ತಿದ್ದರೆ ಆ ಕಾಲುಗಳಿಗೆ ಬಿಡುವೇ ಇಲ್ಲ. ಕೆಲವು ನಿಮಿಷಕ್ಕೊಮ್ಮೆ ಒಂದು ಹೆಜ್ಜೆಯಷ್ಟು ಹೆಚ್ಚು ಕೂತು ಜೋಡಿ ಬದಲಿಸುವುದು ಎಲ್ಲರಿಗೂ ಗೊತ್ತು. ದಣಿದವನು ಮೊದಲು ಮರೆಯುವುದೂ ಅದನ್ನೇ. ತೊಡೆ ಸೋತಾಗ ಜೀನಿನ ಹಿಂಬದಿಗೆ ಧೊಪ್ಪನೆ ಕೂರುತ್ತಾನೆ, ಸಮತೋಲಕ್ಕೆ ಲಗಾಮು ಹಿಡಿದು ನೇತಾಡುತ್ತಾನೆ. ಪೆಟ್ಟು ಬೀಳುವುದು ಕುದುರೆಯ ಸೊಂಟಕ್ಕೆ ಮತ್ತು ಬಾಯಿಗೆ.

ಸುತ್ತು ಮುಗಿದಾಗ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುವ ವೆಟ್ ಗೇಟಿನಲ್ಲಿ ಇದೆಲ್ಲ ಬಯಲಾಗುತ್ತದೆ. ಜೀನು ಇಳಿಸಿ ವೈದ್ಯರು ಬೆನ್ನುಮೂಳೆಯ ಎರಡೂ ಪಕ್ಕ ಬೆರಳು ಒತ್ತುತ್ತ ಹೋಗುತ್ತಾರೆ. ನೋವಿರುವ ಜಾಗಕ್ಕೆ ಬಂದೊಡನೆ ಕುದುರೆ ಬೆನ್ನನ್ನು ಕೆಳಗೆ ಕುಗ್ಗಿಸುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವಾದ ಎಫ್‌ಇಐನ ಸ್ಪರ್ಧೆಗಳಲ್ಲಿ ನಾಡಿ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ನಮ್ಮ ಕಣ್ಣಿಗೆ ಅದಕ್ಕಿಂತ ಮುಖ್ಯವಾದದ್ದು ಅದರ ನಂತರದ ಲೆಕ್ಕ: ನಾಡಿ ಎಣಿಸಿ, ಸುಮಾರು 80 ಮೀಟರ್ ಓಡಿಸಿ, ಓಟ ಶುರುವಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸುವುದು. ಎರಡನೆಯ ಎಣಿಕೆ ಮೊದಲನೆಯದಕ್ಕಿಂತ ನಾಲ್ಕಕ್ಕೂ ಹೆಚ್ಚು ಏರಿದ್ದರೆ ಎಲ್ಲೋ ನೋವಿದೆ, ಇಲ್ಲವೇ ಕುದುರೆಯ ಮೈಯ ನೀರು ಬತ್ತಿದೆ ಎಂಬ ಅನುಮಾನ.

ಬತ್ತುವ ವಿಷಯದಲ್ಲಿ ಮನುಷ್ಯನ ಅಂದಾಜು ನಡೆಯುವುದಿಲ್ಲ. ಸೆಕೆಯಲ್ಲಿ ಕುದುರೆ ಗಂಟೆಗೆ 10-15 ಲೀಟರ್ ಬೆವರಬಹುದು. ಆ ಬೆವರು ಅದರ ರಕ್ತಕ್ಕಿಂತ ಉಪ್ಪು. ನೀರಿನ ಜೊತೆಗೆ ಉಪ್ಪೂ ಹೋಗುವುದರಿಂದ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರುವುದಿಲ್ಲ, ಬಾಯಾರಿಕೆಯ ಸೂಚನೆಯೂ ಹುಟ್ಟುವುದಿಲ್ಲ. ಹಾಗಾಗಿ ‘ಕುಡಿಯಲಿಲ್ಲ, ಬಾಯಾರಿಲ್ಲ’ ಎಂದು ತೊಟ್ಟಿ ಬಿಟ್ಟು ಮುಂದೆ ಸಾಗುವುದು ತಪ್ಪು. ನಿಂತು ಕಾಯಬೇಕು. ನೀರು ಮುಟ್ಟದ ಕುದುರೆಯ ಬಾಯಿಗೆ ಎಲೆಕ್ಟ್ರೊಲೈಟ್ (ಬೆವರಲ್ಲಿ ಹೋದ ಉಪ್ಪುಗಳ ಮಿಶ್ರಣ) ಹಾಕುವುದು ಇನ್ನೂ ಕೆಟ್ಟದ್ದು, ಉಪ್ಪು ಮೈಯೊಳಗಿನ ನೀರನ್ನೇ ಕರುಳಿಗೆ ಎಳೆಯುತ್ತದೆ. ಎದೆಬಡಿತದ ತಾಳಕ್ಕೇ ಪಕ್ಕೆ ಅದುರತೊಡಗಿದರೆ ಉಪ್ಪಿನ ಹದ ಕೆಟ್ಟಿದೆ ಎಂದರ್ಥ. ಸವಾರಿ ಅಲ್ಲಿಗೇ ಸಾಕು.

ಬಿಡುವಿನ ನಲವತ್ತು ನಿಮಿಷ ಎಲ್ಲರೂ ಕುದುರೆಯ ಸುತ್ತ. ಸವಾರ ಮೂಲೆಯಲ್ಲಿ ಕೂತು ಬೂಟು ನೋಡುತ್ತಿರುತ್ತಾನೆ. ಅವನಿಗೂ ಉಪ್ಪು-ನೀರು, ತಿನ್ನಲು ಏನಾದರೂ ಕೈಗೇ ಕೊಡಬೇಕು, ‘ಬೇಕಾ’ ಎಂದು ಕೇಳಬಾರದು. ನೀರು ಕುಡಿಯದ ಸವಾರನಿಗೆ ಮುಂದಿನ ಸುತ್ತಿನಲ್ಲಿ ಕುದುರೆ ಕುಂಟುವುದು ಕಾಣಿಸುವುದಿಲ್ಲ.

ಇಳಿಜಾರಿನಲ್ಲಿ ಇಳಿದು ನಡೆದರೆ ಇಬ್ಬರಿಗೂ ಲಾಭ: ಅವನ ತೊಡೆ ಸಡಿಲಾಗುತ್ತದೆ, ಅದರ ಮುಂಗಾಲಿನ ಹೊರೆ ಇಳಿಯುತ್ತದೆ. ಗೇಟಿಗೆ ಮುಂಚಿನ ಒಂದು ಕಿಲೋಮೀಟರ್ ಹೀಗೆ ಜೀನಿನ ಹೊಟ್ಟೆಪಟ್ಟಿ ಸಡಿಲಿಸಿ ನಡೆಸಿ ತಂದ ಕುದುರೆಯ ನಾಡಿ ಬೇಗ ಇಳಿಯುತ್ತದೆ. ಓಡಿಸಿಕೊಂಡು ಬಂದು ಉಳಿಸಿದ ನಿಮಿಷಗಳು ನಾಡಿ ಇಳಿಯಲು ಕಾಯುವುದರಲ್ಲೇ ಕಳೆದುಹೋಗುತ್ತವೆ.

ಮುಗಿದ ರಾತ್ರಿ ಕುದುರೆ ಕಾಯುವ ಕೆಲಸ ಸವಾರನಿಗೆ ಬೇಡ, ಅವನು ಎಚ್ಚರವಾಗುವುದಿಲ್ಲ. ಬೇರೆಯವರು ಎರಡು ಗಂಟೆಗೊಮ್ಮೆ ಹೋಗಿ ಹುಲ್ಲು ಮುಟ್ಟಿದೆಯೇ, ಲದ್ದಿ ಹಾಕಿದೆಯೇ ನೋಡಬೇಕು. ಟಾರ್ಚ್ ಬೆಳಕಲ್ಲಿ ಮೂತ್ರ ಡಿಕಾಕ್ಷನ್ ಬಣ್ಣಕ್ಕಿದ್ದರೆ ಸ್ನಾಯು ಒಡೆದಿರಬಹುದು. ಬೆಳಗಾಗಲೆಂದು ಕಾಯದೆ ವೈದ್ಯರನ್ನು ಎಬ್ಬಿಸಬೇಕು.