ಮತ್ತೆ ಶುರುವಾಗಿದೆ

ಬೆಳಿಗ್ಗೆ ಮುಂಬೈಯ ಮಾಟುಂಗಾ ಸ್ಟೇಷನ್‌ನಲ್ಲಿ ಲೋಕಲ್ ಬಂತು, ಹೋಯಿತು. ಹತ್ತಲು ಕಾಲೇ ಏಳಲಿಲ್ಲ.

ಹಿಂದಿನ ಸಲ ಖಿನ್ನತೆ ಬಂದಾಗಲೂ ಹೀಗೇ. ಮೊದಲು ನಿದ್ದೆ ಕೆಟ್ಟಿತು. ಆಮೇಲೆ ಊಟ ಸೇರಲಿಲ್ಲ. ಕೊನೆಗೆ ಅಮ್ಮನ ಫೋನ್ ಎತ್ತುವುದೂ ಬೇಡವಾಯಿತು. ಈ ಸಲ ಬೇಗ ಗುರುತು ಸಿಕ್ಕಿತು, ಅದು ಒಳ್ಳೆಯದೇ ಅಲ್ವಾ? ಅಲ್ಲೇ ಬೆಂಚಿನ ಮೇಲೆ ಕೂತು ಡಾಕ್ಟರಿಗೆ ಮೆಸೇಜ್ ಹಾಕಿದೆ.

ಖಿನ್ನತೆ ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪವಲ್ಲ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಹಗುರಾಯಿತು ಅಂತ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಉಚಿತ. ಕನ್ನಡದಲ್ಲೂ ಮಾತಾಡಬಹುದು. ದಿನವಿಡೀ ಹಿಂದಿ, ಮರಾಠಿಯಲ್ಲೇ ಇದ್ದರೂ ನನಗೆ ಅಳು ಬರುವುದು ಕನ್ನಡದಲ್ಲೇ.

ಸಂಜೆ ಡೊಂಬಿವಲಿಯಿಂದ ಅಕ್ಕ ಬರುತ್ತಾಳೆ. ಬೇಡ ಅನ್ನಲಿಲ್ಲ.