ಮರಳಿನಲ್ಲಿ ನಿಲ್ಲುವ ಜಾಗ

ಮೊದಲ ದಿನ, ಮೊದಲ ಅರ್ಧ ಗಂಟೆಯಲ್ಲಿ ನಾನು ನಾಲ್ಕು ಸಲ ಬಿದ್ದೆ. ಆ ನಾಲ್ಕರಲ್ಲಿ ಒಂದು ಸಲವೂ ಬೈಕು ವೇಗದಲ್ಲಿ ಇರಲಿಲ್ಲ. ನಿಲ್ಲಿಸಲು ಹೋಗಿ ಎರಡು ಸಲ, ನಿಂತ ಜಾಗದಿಂದ ಮತ್ತೆ ಹೊರಡಲು ಹೋಗಿ ಎರಡು ಸಲ. ಈ ಪ್ರವಾಸಕ್ಕಾಗಿ ತಿಂಗಳುಗಟ್ಟಲೆ ತಯಾರಿ ನಡೆಸಿದ್ದೆ. ಮರಳಿನ ಮೇಲೆ ಹೇಗೆ ಓಡಿಸಬೇಕು ಎಂಬುದನ್ನು ಮಾತ್ರ ಯೋಚಿಸಿದ್ದೆ. ಎಲ್ಲಿ ನಿಲ್ಲಬೇಕು ಎಂಬುದೂ ಒಂದು ಪ್ರಶ್ನೆ ಎಂದು ಹೊಳೆದೇ ಇರಲಿಲ್ಲ.

ಮೊರಾಕ್ಕೊದ ಆಗ್ನೇಯ ಮೂಲೆಯಲ್ಲಿ, ಅಲ್ಜೀರಿಯಾದ ಗಡಿಯ ಮಗ್ಗುಲಲ್ಲಿ ಎರ್ಗ್ ಶೆಬ್ಬಿ ಇದೆ. ಎರ್ಗ್ ಎಂದರೆ ಮರಳ ದಿಬ್ಬಗಳ ಕಡಲು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 28 ಕಿ.ಮೀ. ಉದ್ದ, ಅಗಲ ಹೆಚ್ಚೆಂದರೆ 7 ಕಿ.ಮೀ. ಎತ್ತರದ ದಿಬ್ಬಗಳು 150 ಮೀಟರ್‌ವರೆಗೆ ಏರುತ್ತವೆ. ಸಹಾರಾ ಎಂದೊಡನೆ ಮರಳೇ ಕಣ್ಣಿಗೆ ಬರುತ್ತದಾದರೂ ಅದರ ಬಹುಪಾಲು ಕಲ್ಲು ಮತ್ತು ಜಲ್ಲಿಯ ನೆಲ. ಆ ಗಟ್ಟಿ ಬಯಲಿಗೆ ಹಮಾದಾ ಎನ್ನುತ್ತಾರೆ. ರಿಸಾನಿ ಪಟ್ಟಣದಿಂದ ದಿಬ್ಬಗಳ ಬುಡದಲ್ಲಿರುವ ಮೆರ್ಜೂಗಾ ಹಳ್ಳಿಗೆ ಸುಮಾರು 35 ಕಿ.ಮೀ. ಡಾಂಬರು ದಾರಿ. ನವೆಂಬರ್ ತಿಂಗಳ ಸಂಜೆ ಆ ದಾರಿಯಲ್ಲಿ ಬರುತ್ತಿದ್ದಾಗ ಎಡಕ್ಕೆ ಕಪ್ಪು ಬಯಲು, ಅದರ ಅಂಚಿನಲ್ಲಿ ಕೆಂಡದ ಬಣ್ಣದ ಒಂದು ಗೆರೆ ಕಂಡಿತು. ಹತ್ತಿರವಾದಂತೆ ಆ ಗೆರೆ ದಪ್ಪವಾಯಿತು, ಅದಕ್ಕೆ ನೆರಳುಗಳು ಹುಟ್ಟಿದವು, ಕೊನೆಗೆ ಬೆಟ್ಟವಾಯಿತು. ಹೆಲ್ಮೆಟ್ಟಿನೊಳಗೆ ನನ್ನ ಉಸಿರಿನ ಸದ್ದು ನನಗೇ ಕೇಳುತ್ತಿತ್ತು.

ನಾವು ಮೂವರು. ನನ್ನದು ಹೋಂಡಾ ಆಫ್ರಿಕಾ ಟ್ವಿನ್ 1100, ಇಂಧನ ಸೇರಿ 226 ಕೆ.ಜಿ. ಗೆಳೆಯನದು ಬಿಎಂಡಬ್ಲ್ಯು ಆರ್ 1250 ಜಿಎಸ್, 249 ಕೆ.ಜಿ. ಮಾರ್ಗದರ್ಶಕರದು ನಮ್ಮ ಬೈಕುಗಳ ಅರ್ಧದಷ್ಟೇ ತೂಗುವ 450 ಸಿಸಿ ಬೈಕು. ಇಷ್ಟು ಭಾರದ ಬೈಕನ್ನು ಮರಳಿಗೆ ಏಕೆ ಒಯ್ಯಬೇಕು ಎಂದು ಹಲವರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಎರಡೂ ಬೈಕುಗಳ ಹುಟ್ಟಿನಲ್ಲಿ ಮರುಭೂಮಿಯ ಪಾಲಿದೆ. 1977ರಲ್ಲಿ ಥಿಯರಿ ಸಬೀನ್ ಎಂಬ ಫ್ರೆಂಚ್ ಸವಾರ ರ‍್ಯಾಲಿಯೊಂದರಲ್ಲಿ ಸಹಾರಾದೊಳಗೆ ದಾರಿ ತಪ್ಪಿ, ಬದುಕಿ ಬಂದು, ಮರುವರ್ಷ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಸೆನೆಗಲ್‌ನ ಡಕಾರ್‌ಗೆ ಮೊದಲ ರ‍್ಯಾಲಿಯನ್ನು ಹೊರಡಿಸಿದ. 1981ರಲ್ಲಿ ಅದನ್ನು ಗೆದ್ದದ್ದು ಬಿಎಂಡಬ್ಲ್ಯು ಜಿಎಸ್. ಗೆಳೆಯನ ಬೈಕಿನ ಪೂರ್ವಜ. 1986ರಿಂದ 1989ರವರೆಗೆ ನಾಲ್ಕು ವರ್ಷ ಸತತವಾಗಿ ಹೋಂಡಾ ಗೆದ್ದಿತು. ಆಫ್ರಿಕಾ ಟ್ವಿನ್ ಎಂಬ ಹೆಸರು 1988ರಲ್ಲಿ ಬಂದದ್ದು ಆ ಗೆಲುವುಗಳ ನಡುವೆ. ಈಗ ಡಕಾರ್ ರ‍್ಯಾಲಿಯಲ್ಲಿ 450 ಸಿಸಿಗಿಂತ ದೊಡ್ಡ ಬೈಕಿಗೆ ಅವಕಾಶವಿಲ್ಲ. 2015ರಲ್ಲಿ ಆ ರ‍್ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ಸಿ. ಎಸ್. ಸಂತೋಷ್ ಕೂಡ ಓಡಿಸಿದ್ದು ಅಂಥದ್ದೇ ಹಗುರ ಬೈಕನ್ನು. ಇದೆಲ್ಲ ತಿಳಿದೂ ನನಗೆ ಭಾರದ ಬೈಕೇ ಬೇಕಿತ್ತು. ಸಾವಿರಾರು ಕಿಲೋಮೀಟರ್ ಡಾಂಬರಿನ ಮೇಲೆ ಹೊತ್ತು ತಂದ ಬೈಕೇ ಡಾಂಬರು ಮುಗಿದ ಮೇಲೂ ಮುಂದೆ ಒಯ್ಯಬೇಕು ಎಂಬುದು ಬಹಳ ದಿನಗಳ ಆಸೆ.

ಮರುದಿನ ಬೆಳಗಿನ ಜಾವ, ಹಮಾದಾ ಮುಗಿದು ಮರಳು ಶುರುವಾಗುವ ಅಂಚಿನಲ್ಲಿ ಬೈಕು ನಿಲ್ಲಿಸಿದೆವು. ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಕಳಚಿದ್ದೆವು. ಈಗ ಟೈರಿನ ಗಾಳಿ ಇಳಿಸುವ ಕೆಲಸ. ರಸ್ತೆಯ ಮೇಲೆ 36ರ ಆಸುಪಾಸಿನಲ್ಲಿ ಇದ್ದದ್ದನ್ನು 18 ಪಿಎಸ್‌ಐಗೆ ತಂದೆವು. ಗಾಳಿ ಇಳಿದರೆ ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಚಪ್ಪಟೆಯಾಗುತ್ತದೆ, ನೆಲವನ್ನು ಮುಟ್ಟುವ ಪಾದ ಉದ್ದವಾಗುತ್ತದೆ, ಮರಳನ್ನು ಕೊರೆಯುವ ಬದಲು ಅದರ ಮೇಲೆ ತೇಲುತ್ತದೆ. ಇನ್ನೂ ಇಳಿಸಬಹುದಿತ್ತು. ಆದರೆ ಇಷ್ಟು ತೂಕದ ಬೈಕಿನಲ್ಲಿ ಒತ್ತಡ ತೀರ ಕಡಿಮೆಯಾದರೆ ಟೈರು ರಿಮ್ಮಿನ ಮೇಲೆ ಜಾರುತ್ತದೆ. ನನ್ನ ಬೈಕಿನ ಚಕ್ರಕ್ಕೆ ಟ್ಯೂಬ್ ಇದ್ದುದರಿಂದ ವಾಲ್ವಿನ ಬುಡವೇ ಹರಿಯುವ ಭಯವೂ ಇತ್ತು. ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಿದೆವು. ಹಿಂಚಕ್ರ ಸ್ವಲ್ಪ ಜಾರಿದೊಡನೆ ಶಕ್ತಿ ಕಡಿತ ಮಾಡುವ ಆ ವ್ಯವಸ್ಥೆ ರಸ್ತೆಯ ಮೇಲೆ ಜೀವ ಉಳಿಸುತ್ತದೆ. ಮರಳಿನಲ್ಲಿ ಹಿಂಚಕ್ರ ಸದಾ ಜಾರುತ್ತಲೇ ಇರುತ್ತದೆ, ಆದ್ದರಿಂದ ಇಲ್ಲಿ ಅದು ಬೇಕಾದ ಹೊತ್ತಿಗೇ ಬೈಕಿನ ಕತ್ತು ಹಿಸುಕುತ್ತದೆ.

ಮರಳಿಗೆ ಇಳಿದ ಮೊದಲ ಕ್ಷಣದಲ್ಲೇ ಹ್ಯಾಂಡಲ್ ಎರಡೂ ಕಡೆಗೆ ಒದ್ದಾಡತೊಡಗಿತು. ಸಹಜವಾಗಿ ಕೈ ಬಿಗಿಯಾಯಿತು, ಥ್ರಾಟಲ್ ಸಡಿಲಾಯಿತು. ತೂಕವೆಲ್ಲ ಮುಂದಕ್ಕೆ ಬಂದು ಮುಂಚಕ್ರ ನೇಗಿಲಿನ ಹಾಗೆ ಮರಳನ್ನು ಉಳತೊಡಗಿತು. ಗಾಬರಿಯಿಂದ ನಿಲ್ಲಿಸಲು ಹೋದೆ. ಮೊದಲ ಬೀಳು. ಮಾರ್ಗದರ್ಶಕರು ಹೇಳಿದ್ದು ಚಿಕ್ಕದು: ಎದ್ದು ನಿಲ್ಲಿ, ಮೊಣಕಾಲುಗಳಲ್ಲಿ ಟ್ಯಾಂಕನ್ನು ಹಿಡಿಯಿರಿ, ಕೈಗಳಲ್ಲಿ ಹ್ಯಾಂಡಲನ್ನು ಹಿಡಿಯಬೇಡಿ. ಎರಡನೇ ಗೇರಿನಲ್ಲಿ ಥ್ರಾಟಲನ್ನು ಒಂದೇ ಸಮ ಇಟ್ಟು, ಸೊಂಟವನ್ನು ಒಂದಿಷ್ಟು ಹಿಂದಕ್ಕೆ ತಂದಾಗ ಮುಂಚಕ್ರ ಹಗುರಾಗಿ ಮೇಲೆದ್ದಿತು. ಅದು ಆಗಲೂ ಅತ್ತಿತ್ತ ಅಲೆಯುತ್ತಿತ್ತು, ಆದರೆ ಬೈಕು ಮಾತ್ರ ನೇರವಾಗಿ ಹೋಗುತ್ತಿತ್ತು. ತಿರುಗಬೇಕಾದರೆ ಹ್ಯಾಂಡಲಿನ ಕೆಲಸ ಕಡಿಮೆ, ಹೊರಗಿನ ಕಾಲನ್ನು ಒತ್ತಿ ದೊಡ್ಡದೊಂದು ಬಿಲ್ಲಿನಂತೆ ತಿರುಗಬೇಕು. ಇದನ್ನು ದೇಹ ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಗಂಟೆಯೊಳಗೆ ಓಡಿಸುವುದು ಬಂತು ಎನ್ನಿಸಿತು.

ನಿಲ್ಲುವುದು ಬರಲಿಲ್ಲ.

ದಿಬ್ಬವೊಂದನ್ನು ಇಳಿದು, ಎರಡು ದಿಬ್ಬಗಳ ನಡುವಿನ ಬಟ್ಟಲಿನಂಥ ತಗ್ಗಿನಲ್ಲಿ ಗೆಳೆಯನಿಗಾಗಿ ಕಾಯಲು ನಿಂತೆ. ನೋಡಲು ಸಮತಟ್ಟಾಗಿತ್ತು, ನೆರಳಿತ್ತು. ಹೊರಡಲೆಂದು ಕ್ಲಚ್ ಬಿಟ್ಟಾಗ ಬೈಕು ಮುಂದಕ್ಕೆ ಹೋಗುವ ಬದಲು ಕೆಳಕ್ಕೆ ಹೋಯಿತು. ಇನ್ನಷ್ಟು ಥ್ರಾಟಲ್ ಕೊಟ್ಟೆ, ಇನ್ನಷ್ಟು ಕೆಳಕ್ಕೆ. ಕೈ ಬಿಟ್ಟರೂ ಬೈಕು ಬೀಳದೆ ನೆಟ್ಟಗೆ ನಿಂತಿತ್ತು. ಹಿಂಚಕ್ರ ಅಚ್ಚಿನವರೆಗೆ ಹೂತು, ಎಂಜಿನ್ನಿನ ಅಡಿಯ ರಕ್ಷಾಫಲಕ ಮರಳಿನ ಮೇಲೆ ಕೂತುಬಿಟ್ಟಿತ್ತು. ಸುಟ್ಟ ಕ್ಲಚ್ಚಿನ ವಾಸನೆ ಮೂಗಿಗೆ ಬಡಿಯಿತು. ಮರುಭೂಮಿಯಲ್ಲಿ ಆ ವಾಸನೆ ಬಂದಾಗ ಹೊಟ್ಟೆಯಲ್ಲಿ ಆಗುವ ತಳಮಳವನ್ನು ನಾನು ಮರೆಯಲಾರೆ.

ಮಾರ್ಗದರ್ಶಕರು ಹಿಂದಿರುಗಿ ಬಂದು ಮೊದಲು ಎಂಜಿನ್ ಆರಿಸಿದರು. ಆಮೇಲೆ ನಾನು ಊಹಿಸದ ಕೆಲಸ ಮಾಡಿದರು: ನಿಂತಿದ್ದ ಬೈಕನ್ನು ಪಕ್ಕಕ್ಕೆ ಮಲಗಿಸಿದರು. ಹಿಂಚಕ್ರ ಗುಂಡಿಯಿಂದ ತಾನಾಗಿ ಹೊರಬಂತು. ಗುಂಡಿಗೆ ಕಾಲಿನಿಂದ ಮರಳು ತಳ್ಳಿ, ತುಳಿದು ಗಟ್ಟಿ ಮಾಡಿದೆವು. ಇನ್ನು ಎತ್ತುವುದು. ಬೈಕಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಕೊಟ್ಟು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ ಹಾಕಿ, ಕಾಲುಗಳ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹಿಂದಕ್ಕೆ ನಡೆಯಬೇಕು. ಬೆನ್ನನ್ನು ಬಾಗಿಸಿ ತೋಳಿನಲ್ಲಿ ಎತ್ತಲು ಹೋದರೆ ಬೈಕು ಏಳುವುದಿಲ್ಲ, ಬೆನ್ನು ಉಳಿಯುವುದಿಲ್ಲ. ಆಮೇಲೆ ಬೈಕಿನ ಮೇಲೆ ಕೂರದೆ, ಪಕ್ಕದಲ್ಲಿ ನಡೆಯುತ್ತ, ಮೊದಲ ಗೇರಿನಲ್ಲಿ ಬಹಳ ನಯವಾಗಿ ಕ್ಲಚ್ ಬಿಟ್ಟು, ಉಳಿದಿಬ್ಬರು ಹಿಂದಿನಿಂದ ತಳ್ಳಿ, ಬಟ್ಟಲಿನ ಅಂಚಿಗೆ ತಂದೆವು. ಒಟ್ಟು ನಲವತ್ತು ನಿಮಿಷ. ನನ್ನ ಎರಡು ಲೀಟರ್ ನೀರು ಖಾಲಿಯಾಗಿತ್ತು.

ಅಂಚಿನಲ್ಲಿ ಕೂತು ಉಸಿರು ತಿರುಗಿಸಿಕೊಳ್ಳುವಾಗ ಅವರು ಬೆರಳಿನಿಂದ ಮರಳಿನ ಮೇಲೆ ಒಂದು ದಿಬ್ಬದ ಚಿತ್ರ ಬರೆದರು. ಗಾಳಿಗೆ ಎದೆ ಕೊಟ್ಟ ಬದಿ ನಿಧಾನ ಇಳಿಜಾರು. ಗಾಳಿ ಕಣಗಳನ್ನು ಪುಟಿಸಿ ಪುಟಿಸಿ ಮೇಲಕ್ಕೆ ಒಯ್ಯುವಾಗ ಆ ಬದಿ ಒತ್ತಾಗಿ ಗಟ್ಟಿಯಾಗುತ್ತದೆ. ನೆತ್ತಿ ದಾಟಿದ ಕಣಗಳು ಆಚೆ ಬದಿಯಲ್ಲಿ ಸುಮ್ಮನೆ ಉದುರುತ್ತವೆ, ಯಾರೂ ಒತ್ತುವುದಿಲ್ಲ. ಒಣಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು, ಆದ್ದರಿಂದ ಆ ಮರೆಯ ಬದಿ ಯಾವಾಗಲೂ ಜಾರುವ ಅಂಚಿನಲ್ಲೇ ಇರುತ್ತದೆ. ಅದರ ಬುಡದ ಬಟ್ಟಲಲ್ಲಿ ತೀರ ಸಡಿಲವಾದ ಮರಳು ಸೇರುತ್ತದೆ. ನಾನು ನಿಂತದ್ದು ಅಲ್ಲಿ.

“ಹೋಗುವಾಗ ಕಣ್ಣು ಹೋಗುವ ದಾರಿಯ ಮೇಲೆ ಇರಲಿ, ಜೊತೆಗೆ ಮುಂದಿನ ನಿಲ್ಲುವ ಜಾಗವನ್ನೂ ಹುಡುಕುತ್ತಿರಲಿ” ಎಂದರು. ನಿಲ್ಲುವ ಜಾಗ ಎಂದರೆ ಗಾಳಿಯ ಬದಿ, ಸಣ್ಣ ಅಲೆಗೆರೆಗಳು ಮೂಡಿದ ಗಟ್ಟಿ ಮರಳು, ಮುಂಚಕ್ರ ಇಳಿಜಾರಿನ ಕಡೆಗೆ. ಬ್ರೇಕ್ ಹಿಡಿಯುವಂತಿಲ್ಲ. ಥ್ರಾಟಲ್ ಮುಚ್ಚಿದರೆ ಮರಳೇ ನಿಲ್ಲಿಸುತ್ತದೆ. ಮತ್ತೆ ಹೊರಡುವಾಗ ಬೈಕಿನ ಭಾರವೇ ಕೆಳಕ್ಕೆ ಎಳೆದು ವೇಗ ಕೊಡುತ್ತದೆ. ಅಲ್ಲಿಯವರೆಗೆ ನಾನು ಶತ್ರುವೆಂದುಕೊಂಡಿದ್ದ 226 ಕೆ.ಜಿ. ನನ್ನ ಪರವಾಗಿ ದುಡಿಯಬಹುದಾದ ಒಂದೇ ಸ್ಥಿತಿ ಅದು. ಸೈಡ್‌ಸ್ಟ್ಯಾಂಡಿನ ಕೆಳಗೆ ಇಡಲು ಅವರು ಅಂಗೈ ಅಗಲದ ಒಂದು ಹಲಗೆಯನ್ನೂ ಕೊಟ್ಟರು. ದಾರದಿಂದ ಹ್ಯಾಂಡಲಿಗೆ ಕಟ್ಟಿಕೊಂಡೆ.

ಆ ಮಧ್ಯಾಹ್ನ ಓಡಿಸಲಿಲ್ಲ. ಸೂರ್ಯ ನೆತ್ತಿಗೆ ಬಂದರೆ ದಿಬ್ಬಗಳ ನೆರಳು ಮಾಯವಾಗುತ್ತದೆ, ಎಲ್ಲವೂ ಒಂದೇ ಬಣ್ಣದ ಬಟ್ಟೆಯಂತೆ ಕಾಣುತ್ತದೆ. ಎರಡು ಮೀಟರ್ ಆಳದ ಹಳ್ಳವೂ ಕಣ್ಣಿಗೆ ಬೀಳುವುದಿಲ್ಲ. ಬೆಳಗ್ಗೆ ಬೆಳಕು ಓರೆಯಾಗಿರುತ್ತದೆ. ರಾತ್ರಿಯ ತಂಪಿಗೆ ಮೇಲ್ಪದರ ಕೊಂಚ ಬಿಗಿದಿರುತ್ತದೆ. ಹೀಗೆ ದಿನದಲ್ಲಿ ನಮಗೆ ಸಿಕ್ಕುತ್ತಿದ್ದದ್ದು ಬೆಳಗಿನ ಮೂರು ಗಂಟೆ, ಸಂಜೆಯ ಒಂದೂವರೆ ಗಂಟೆ. ನಡುವಿನ ಹೊತ್ತಿನಲ್ಲಿ ಏರ್ ಫಿಲ್ಟರ್ ತೆಗೆದು ಒದರಿದೆ. ಅದರ ಮೇಲೆ ಹೊದಿಸಿದ್ದ ಎಣ್ಣೆ ಸವರಿದ ಸ್ಪಂಜು ಅರ್ಧ ದಿನಕ್ಕೇ ಕಂದಾಗಿತ್ತು. ಆ ಹೊದಿಕೆ ಇಲ್ಲದಿದ್ದರೆ ಆ ಪುಡಿಯೆಲ್ಲ ಎಂಜಿನ್ನಿನೊಳಗೆ ಹೋಗುತ್ತಿತ್ತು.

ಎರಡನೇ ದಿನ ಗೆಳೆಯನ ಪಾಲಿಗೆ ಕಠಿಣವಾಗಿತ್ತು. ಅವನ ಬೈಕಿನ ಮುಂಚಕ್ರ 19 ಇಂಚು, ನನ್ನದು 21. ಎರಡೇ ಇಂಚು ಎನ್ನಬಹುದು. ಸಡಿಲ ಮರಳಿನಲ್ಲಿ ಚಿಕ್ಕ ಚಕ್ರ ಏರಿ ಹೋಗುವ ಬದಲು ತಳ್ಳಿಕೊಂಡು ಹೋಗುತ್ತದೆ, ಅವನ ತೋಳುಗಳಿಗೆ ಆ ವ್ಯತ್ಯಾಸ ಸಂಜೆಯ ಹೊತ್ತಿಗೆ ಚೆನ್ನಾಗಿ ಗೊತ್ತಾಗಿತ್ತು. ಆದರೆ ಬಿದ್ದಾಗ ಎತ್ತುವುದು ಅವನಿಗೇ ಸುಲಭ. ಎರಡೂ ಪಕ್ಕಕ್ಕೆ ಚಾಚಿದ ಸಿಲಿಂಡರುಗಳಿಂದಾಗಿ ಆ ಬೈಕು ಪೂರ್ತಿ ಮಲಗುವುದಿಲ್ಲ.

ನೆತ್ತಿಗಳ ಪಾಠವನ್ನೂ ಅವನಿಂದಲೇ ಕಲಿತೆ. ಎತ್ತರದ ದಿಬ್ಬವೊಂದನ್ನು ಏರುತ್ತ ಮುಕ್ಕಾಲು ದಾರಿಯಲ್ಲಿ ಅವನ ವೇಗ ಸತ್ತಿತು. ವೇಗ ಪೂರ್ತಿ ಸಾಯುವ ಮುಂಚೆಯೇ ಬಿಲ್ಲಿನಂತೆ ತಿರುಗಿ ಕೆಳಮುಖವಾಗಬೇಕಿತ್ತು. ಅವನು ಇನ್ನೊಂದು ಮೀಟರ್ ಆಸೆಪಟ್ಟ. ಬೈಕು ಮೇಲ್ಮುಖವಾಗಿ ಹೂತು ನಿಂತಿತು. ಅದನ್ನು ಮಲಗಿಸಿ, ಮುಂಚಕ್ರವನ್ನು ಹಿಡಿದು ಗಡಿಯಾರದ ಮುಳ್ಳಿನಂತೆ ಎಳೆದು ಎಳೆದು ಕೆಳಕ್ಕೆ ತಿರುಗಿಸಿದೆವು. ಸಮತಟ್ಟಿನಲ್ಲಿ ಅಲುಗದ ಬೈಕು ಇಳಿಜಾರಿನಲ್ಲಿ ಮಲಗಿದಾಗ ಅಚ್ಚರಿಯೆನಿಸುವಷ್ಟು ಸಲೀಸಾಗಿ ಜಾರುತ್ತದೆ. ಆಚೆ ಬದಿ ಕಾಣದ ನೆತ್ತಿಯನ್ನು ವೇಗದಲ್ಲಿ ದಾಟುವುದನ್ನು ಮಾರ್ಗದರ್ಶಕರು ಖಡಾಖಂಡಿತವಾಗಿ ನಿಷೇಧಿಸಿದ್ದರು. ನೆತ್ತಿ ಕತ್ತಿಯಂತೆ ಚೂಪಾಗಿರುತ್ತದೆ. ಆಚೆ ಐದು ಮೀಟರ್ ಇಳಿಜಾರು ಇರಬಹುದು, ಐವತ್ತೂ ಇರಬಹುದು, ಒಂಟೆಗಳೊಂದಿಗೆ ನಡೆದುಬರುತ್ತಿರುವ ಜನರೂ ಇರಬಹುದು. ಹೀಗಾಗಿ ಅವರು ಮೊದಲು ನೆತ್ತಿಯ ಉದ್ದಕ್ಕೆ ಸಾಗಿ ಆಚೆ ನೋಡಿ, ಕೈ ಎತ್ತಿದ ಮೇಲೆಯೇ ನಾವು ಹೊರಡುತ್ತಿದ್ದೆವು. ಈ ಶಿಸ್ತನ್ನು ನಾನು ಮನಸಾರೆ ಗೌರವಿಸುತ್ತೇನೆ. ಸಹಾರಾದಲ್ಲಿ ಮುರಿದ ಕಾಲಿಗೆ ಆಂಬುಲೆನ್ಸ್ ಬರುವ ದಾರಿ ಇರುವುದಿಲ್ಲ.

ಮೂರನೇ ಬೆಳಗ್ಗೆ ಒಳಗಿನ ಎತ್ತರದ ದಿಬ್ಬಗಳತ್ತ ಹೊರಟೆವು. ಒಂದು ಗಾಳಿಯ ಬದಿಯನ್ನು ಏರಿ, ನೆತ್ತಿಗೆ ಕೊಂಚ ಕೆಳಗೆ ಇಳಿಮುಖವಾಗಿ ನಿಂತು, ಮುಂದಿನ ಜಾಗವನ್ನು ಕಣ್ಣಿನಲ್ಲಿ ಗುರುತಿಸಿ, ಮತ್ತೆ ಜಾರಿ ಹೊರಡುವುದು. ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ. ಬಟ್ಟಲುಗಳನ್ನು ಮೂರನೇ ಗೇರಿನಲ್ಲಿ, ಒಂದು ಕ್ಷಣವೂ ಥ್ರಾಟಲ್ ಸಡಿಲಿಸದೆ, ಅಂಚು ಹಿಡಿದು ದಾಟುತ್ತಿದ್ದೆ. ಆ ಬೆಳಗ್ಗೆ ಹದಿನೇಳು ಸಲ ನಿಂತೆ, ಹದಿನೇಳು ಸಲವೂ ಹೊರಟೆ. ಎಣಿಸಿಟ್ಟಿದ್ದೇನೆ. ಕೊನೆಯ ನಿಲುಗಡೆ ಎಷ್ಟು ಎತ್ತರದಲ್ಲಿತ್ತೆಂದರೆ, ಪಶ್ಚಿಮಕ್ಕೆ ಕಪ್ಪು ಹಮಾದಾದ ಬಯಲು ಪೂರ್ತಿ ಬಿಚ್ಚಿಕೊಂಡಿತ್ತು. ಎಂಜಿನ್ ಆರಿಸಿದೆ. ಕಾದ ಲೋಹ ತಣಿಯುವ ಟಿಕ್ ಟಿಕ್ ಸದ್ದು. ಅದು ನಿಂತ ಮೇಲೆ, ನೆತ್ತಿಯಿಂದ ಮರಳು ಆಚೆಗೆ ಉದುರುವ ಸಣ್ಣ ಸರಸರ. ನಾವು ಏರಿ ಬಂದ ಮೂರು ಗೆರೆಗಳಲ್ಲಿ ಕೆಳಗಿನ ಅರ್ಧವನ್ನು ಗಾಳಿ ಆಗಲೇ ತುಂಬುತ್ತಿತ್ತು. ಗೆಳೆಯ ಹೆಲ್ಮೆಟ್ ತೆಗೆದು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ನನಗೂ ಮಾತು ಬೇಕಿರಲಿಲ್ಲ.

ಹನ್ನೊಂದರ ಹೊತ್ತಿಗೆ ಮರಳಿನ ಅಂಚಿಗೆ ಮರಳಿದೆವು. ಬೂಟು ಕಳಚಿ ಬಗ್ಗಿಸಿದಾಗ ಕಿತ್ತಳೆ ಬಣ್ಣದ ಮರಳು ಎಳೆಯಾಗಿ ಸುರಿಯಿತು. ಸಣ್ಣ ವಿದ್ಯುತ್ ಪಂಪನ್ನು ಬ್ಯಾಟರಿಗೆ ಸಿಕ್ಕಿಸಿ ಟೈರಿಗೆ ಗಾಳಿ ತುಂಬತೊಡಗಿದೆ. ಮುಳ್ಳು 18ರಿಂದ ನಿಧಾನವಾಗಿ ಮೇಲೇರುತ್ತಿತ್ತು. 30 ದಾಟುವಾಗ ಗೆಳೆಯ ಪಕ್ಕಕ್ಕೆ ಬಂದು, “ನಾಳೆ ಒಂದು ದಿನ ಇದ್ದುಬಿಡೋಣವೇ?” ಎಂದು ಕೇಳಿದ. ನಾನು ಪಂಪು ಆರಿಸಿದೆ.